ಎದ್ದು ಹೋಗದ ಪಂಕ್ತಿ

1999ರ ಆಗಸ್ಟ್‌ನಲ್ಲಿ ಅಮೆರಿಕದ ಗಾಯಕಿ ಕಾರ್ನಿ ವಿಲ್ಸನ್ ಸ್ಯಾನ್ ಡಿಯಾಗೊದಲ್ಲಿ ತೂಕ ಇಳಿಸುವ ಗ್ಯಾಸ್ಟ್ರಿಕ್ ಬೈಪಾಸ್ ಆಪರೇಷನ್ ಮಾಡಿಸಿಕೊಂಡರು. ಬೇರೆಯವರು ಗುಟ್ಟಾಗಿ ಮಾಡಿಸಿಕೊಳ್ಳುತ್ತಿದ್ದ ಆಪರೇಷನ್ನನ್ನು ಅವರು ಇಂಟರ್‌ನೆಟ್ಟಿನಲ್ಲಿ ಊರಿಗೆಲ್ಲ ತೋರಿಸಿದರು. ಅಲ್ಲಿಯವರೆಗೆ ಬೊಜ್ಜಿನ ಆಪರೇಷನ್ ಎಂದರೆ ಸರ್ಜನ್‌ಗಳೇ ಮೂಗು ಮುರಿಯುತ್ತಿದ್ದ ಮೂಲೆಯ ಕೆಲಸ. 1954ರಲ್ಲಿ ಮಿನ್ನೆಸೋಟದಿಂದ ಕರುಳಿನ ಬೈಪಾಸಿನ ವರದಿ ಬಂದಿತ್ತು. 1960ರ ದಶಕದ ನಡುವಿನಲ್ಲಿ ಅಯೋವಾದ ಎಡ್ವರ್ಡ್ ಮೇಸನ್ ಜಠರವನ್ನೇ ಚಿಕ್ಕದು ಮಾಡುವ ದಾರಿ ಹಿಡಿದಿದ್ದರು. 1991ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದ ತಜ್ಞರ ಸಭೆ, ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಸೂಚ್ಯಂಕ) 40 ಮುಟ್ಟಿದವರಿಗೆ, ಅಥವಾ 35 ಮುಟ್ಟಿ ಜೊತೆಗೆ ಗಂಭೀರ ಕಾಯಿಲೆಯೂ ಇರುವವರಿಗೆ ಆಪರೇಷನ್ ಮಾಡಬಹುದೆಂದು ಗೆರೆ ಎಳೆದಿತ್ತು. 1994ರಲ್ಲಿ ಸ್ಯಾನ್ ಡಿಯಾಗೊದ ಅಲನ್ ವಿಟ್‌ಗ್ರೋವ್ ಮತ್ತು ಜೊತೆಗಾರರು ಹೊಟ್ಟೆ ಸೀಳದೆ ಸಣ್ಣ ತೂತುಗಳಿಂದಲೇ ಬೈಪಾಸ್ ಮಾಡಿ ವರದಿ ಪ್ರಕಟಿಸಿದರು. ಕಾರ್ನಿ ವಿಲ್ಸನ್‌ಗೆ ಆಪರೇಷನ್ ಮಾಡಿದವರೂ ವಿಟ್‌ಗ್ರೋವ್ ಅವರೇ. ನಿಯಮವಿತ್ತು, ವಿಧಾನವಿತ್ತು, ಈಗ ಜನ ಗುರುತಿಸುವ ಮುಖವೊಂದು ಸಿಕ್ಕಿತು. ಕ್ಲಿನಿಕ್ಕುಗಳ ಫೋನು ಒಂದೇ ಸಮನೆ ಹೊಡೆದುಕೊಳ್ಳತೊಡಗಿತು.

ಬೇರಿಯಾಟ್ರಿಕ್ (ಬೊಜ್ಜಿನ ಚಿಕಿತ್ಸೆಯ) ಸರ್ಜನ್‌ಗಳ ಸಂಘದ ಅಂದಾಜಿನಂತೆ ಅಮೆರಿಕದಲ್ಲಿ 1992ರಲ್ಲಿ ನಡೆದ ಇಂಥ ಆಪರೇಷನ್‌ಗಳು ಸುಮಾರು 16,000. 2003ರಲ್ಲಿ ಅವು ಒಂದು ಲಕ್ಷ ದಾಟಿದವು. ಹಾಗೆ ನೋಡಿದರೆ ಅರ್ಹರಾದವರಲ್ಲಿ ಆಗಲೂ ಈಗಲೂ ಟೇಬಲ್ಲಿನ ಮೇಲೆ ಮಲಗುವವರು ವರ್ಷಕ್ಕೆ ನೂರಕ್ಕೆ ಒಬ್ಬರು ಅಷ್ಟೇ. ಆ ಒಬ್ಬರನ್ನು ಸುಧಾರಿಸಲಾಗದೆ ಆಸ್ಪತ್ರೆಗಳು ತತ್ತರಿಸಿದವು. ಬೇಡಿಕೆ ಕೈಮೀರಿದಾಗ ಏನು ಮಾಡಬೇಕು ಎಂಬ ಪ್ರಶ್ನೆಗೆ ಕಳೆದ ಕಾಲು ಶತಮಾನದಲ್ಲಿ ನಾಲ್ಕಾರು ದೇಶಗಳು ನಾಲ್ಕಾರು ಬಗೆಯ ಉತ್ತರ ಕೊಟ್ಟಿವೆ. ಅವನ್ನೆಲ್ಲ ಒಟ್ಟಿಗೆ ಹರಡಿಕೊಂಡು ನೋಡಿದಾಗ ನನಗೆ ಕಾಣುವುದು ಒಂದು ದೃಷ್ಟಿದೋಷ. ಎಲ್ಲರೂ ಎಣಿಸಿದ್ದು ಆಪರೇಷನ್ನಿಗೆ ಮುಂಚೆ ಬಾಗಿಲಲ್ಲಿ ನಿಂತವರನ್ನು. ಆಪರೇಷನ್ ಮುಗಿಸಿಕೊಂಡು ಹೋದವರ ಲೆಕ್ಕವನ್ನು ಇಟ್ಟವರು ಕಡಿಮೆ, ಅದಕ್ಕೆ ತಕ್ಕ ವ್ಯವಸ್ಥೆ ಮಾಡಿದವರು ಇನ್ನೂ ಕಡಿಮೆ.

ಮೊದಲ ಉತ್ತರ ಯಾರಿಗಾದರೂ ಹೊಳೆಯುವಂಥದ್ದು: ಇನ್ನಷ್ಟು ಸರ್ಜನ್‌ಗಳನ್ನು ತರುವುದು. 2000ದ ಆಸುಪಾಸಿನಲ್ಲಿ ಪಿತ್ತಕೋಶ, ಹರ್ನಿಯಾ ಮಾಡಿಕೊಂಡಿದ್ದ ಸಾಮಾನ್ಯ ಸರ್ಜನ್‌ಗಳು ಕಿರು ತರಬೇತಿ ಮುಗಿಸಿ ಬೈಪಾಸಿಗೆ ಇಳಿದರು. ಆಸ್ಪತ್ರೆಯ ಆಡಳಿತದವರಿಗೂ ಅದು ಬೇಕಿತ್ತು. ಪರಿಣಾಮ 2005ರಲ್ಲಿ ಅಂಕಿಗಳಾಗಿ ಹೊರಬಿತ್ತು. ಸಿಯಾಟಲ್‌ನ ಡೇವಿಡ್ ಫ್ಲಮ್ ಮತ್ತು ಸಂಗಡಿಗರು ಅಮೆರಿಕದ ಸರ್ಕಾರಿ ವಿಮೆಯಾದ ಮೆಡಿಕೇರ್ ದಾಖಲೆಗಳನ್ನು ಜಾಲಾಡಿದಾಗ, ಆಪರೇಷನ್ ಆದ 30 ದಿನದೊಳಗೆ ಶೇ 2ರಷ್ಟು, ಒಂದು ವರ್ಷದೊಳಗೆ ಶೇ 4.6ರಷ್ಟು ಮಂದಿ ತೀರಿಕೊಂಡಿದ್ದರು. ಮೆಡಿಕೇರ್‌ನವರೆಂದರೆ ವಯಸ್ಸಾದವರು ಅಥವಾ ಅಂಗವೈಕಲ್ಯ ಇರುವವರು, ಅದು ನಿಜ. ಆದರೆ ಕಡಿಮೆ ಕೇಸು ಮಾಡಿದ ಸರ್ಜನ್‌ಗಳ ಕೈಯಲ್ಲಿ ಸಾವು ಹೆಚ್ಚು ಎಂಬುದೂ ಅದೇ ದಾಖಲೆಯಲ್ಲಿತ್ತು. ಸಾಲು ಕರಗಿಸಲು ತಂದ ಕೈಗಳು ಪಳಗದ ಕೈಗಳಾಗಿದ್ದವು.

ಇದಕ್ಕೆ ಪ್ರತಿಯಾಗಿ ಬಂದದ್ದು ಬೇಲಿ. ಮ್ಯಾಸಚೂಸೆಟ್ಸ್ ರಾಜ್ಯದ ಬೆಟ್ಸಿ ಲೇಮನ್ ಕೇಂದ್ರ 2004ರಲ್ಲಿ ತಜ್ಞರನ್ನು ಕೂಡಿಸಿ ಸುರಕ್ಷತೆಯ ಶಿಫಾರಸುಗಳನ್ನು ಮಾಡಿಸಿತು. 2006ರ ಫೆಬ್ರುವರಿಯಲ್ಲಿ ಮೆಡಿಕೇರ್, ಪ್ರಮಾಣಪತ್ರ ಪಡೆದ ಕೇಂದ್ರಗಳಲ್ಲಿ ಮಾಡಿದ ಆಪರೇಷನ್ನಿಗೆ ಮಾತ್ರ ಹಣ ಕೊಡುತ್ತೇನೆ ಎಂದಿತು. 2009ರಲ್ಲಿ ಅಮೆರಿಕದ ಹತ್ತು ಆಸ್ಪತ್ರೆಗಳ ಅಧ್ಯಯನ ಹೊರಬಂದಾಗ 30 ದಿನದ ಸಾವಿನ ಪ್ರಮಾಣ ಶೇ 0.3. ಎರಡು ಅಧ್ಯಯನಗಳ ರೋಗಿಗಳು ಒಂದೇ ತೆರನಾದವರಲ್ಲ, ಆದ್ದರಿಂದ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಬೇಲಿಗೇ ಪೂರಾ ಯಶಸ್ಸು ಕೊಡುವುದು ತಪ್ಪಾಗುತ್ತದೆ. ಮೆಡಿಕೇರ್ 2013ರಲ್ಲಿ ಆ ಷರತ್ತನ್ನು ಕೈಬಿಟ್ಟಿತು. ಅದೇ ವರ್ಷ ಮಿಷಿಗನ್‌ನ ಜಾನ್ ಬರ್ಕ್‌ಮಯರ್ ತಂಡ ಇಪ್ಪತ್ತು ಸರ್ಜನ್‌ಗಳ ಆಪರೇಷನ್ ವಿಡಿಯೊಗಳನ್ನು ಹೆಸರು ಮುಚ್ಚಿ ಬೇರೆ ಸರ್ಜನ್‌ಗಳಿಗೆ ತೋರಿಸಿ ಅಂಕ ಹಾಕಿಸಿತು. ಕಡಿಮೆ ಅಂಕದ ಗುಂಪಿನವರ ರೋಗಿಗಳಲ್ಲಿ ತೊಡಕು ಶೇ 14.5, ಹೆಚ್ಚು ಅಂಕದವರಲ್ಲಿ ಶೇ 5.2. ಗೋಡೆಗೆ ನೇತುಹಾಕಿದ ಪ್ರಮಾಣಪತ್ರ ಕಟ್ಟಡದ ಗುಣ ಹೇಳುತ್ತದೆ, ಕೈಯ ಗುಣ ಹೇಳುವುದಿಲ್ಲ.

ಇನ್ನು ಎರಡನೆಯ ಉತ್ತರ: ಬಾಗಿಲಲ್ಲೇ ಸೋಸುವುದು. ಅಮೆರಿಕದ ಬಹುತೇಕ ಬೇರಿಯಾಟ್ರಿಕ್ ಕ್ಲಿನಿಕ್ಕುಗಳು ಇಂದಿಗೂ ಮೊದಲ ಭೇಟಿಯನ್ನು ಒಬ್ಬೊಬ್ಬರಿಗೆ ಕೊಡುವುದಿಲ್ಲ. ಸಂಜೆ ಹೊತ್ತಿನಲ್ಲಿ ಒಂದು ಮಾಹಿತಿ ಸಭೆ. ಇತ್ತೀಚೆಗೆ ಅದು ವಿಡಿಯೊ ಆಗಿದೆ. ಐವತ್ತು ಅರವತ್ತು ಜನಕ್ಕೆ ಒಂದೇ ಸಲ ಸರ್ಜನ್ ಪಾಠ ಮಾಡುತ್ತಾರೆ: ಬೈಪಾಸ್ ಎಂದರೇನು, ಜಠರದ ಬಹುಪಾಲನ್ನು ಕತ್ತರಿಸಿ ತೆಗೆಯುವ ಸ್ಲೀವ್ ಎಂದರೇನು, ಯಾರಿಗೆ ಆಗಿಬರುವುದಿಲ್ಲ, ಜೀವಮಾನವಿಡೀ ಯಾವ ಮಾತ್ರೆ. ಕೊನೆಯಲ್ಲಿ ಹತ್ತು ಹನ್ನೆರಡು ಪುಟದ ಅರ್ಜಿ. ಅದರಲ್ಲಿ ಈವರೆಗೆ ಮಾಡಿದ ಡಯಟ್ಟುಗಳ ಇತಿಹಾಸ ಬರೆಯಬೇಕು. ಯಾವ ವರ್ಷ, ಯಾವ ಪಥ್ಯ, ಎಷ್ಟು ಇಳಿಯಿತು, ಎಷ್ಟು ಮರಳಿತು. ಇಪ್ಪತ್ತು ವರ್ಷದ ಸೋಲುಗಳನ್ನು ಕಾಲಂ ಕಾಲಂ ಆಗಿ ತುಂಬಬೇಕಾದ ಆ ಪುಟದಲ್ಲೇ ಕೆಲವರು ಪೆನ್ನು ಕೆಳಗಿಡುತ್ತಾರೆ. ಕ್ಲಿನಿಕ್ಕಿನ ಭಾಷೆಯಲ್ಲಿ ಅವರು ‘ಆಸಕ್ತಿ ಇಲ್ಲದವರು’.

ಸಭೆಯ ವಿಚಾರದಲ್ಲಿ ನನಗೆ ತಕರಾರಿಲ್ಲ. ಅರವತ್ತು ಜನಕ್ಕೆ ಒಂದೇ ಮಾತನ್ನು ಅರವತ್ತು ಸಲ ಹೇಳುವುದಕ್ಕಿಂತ ಒಂದು ಸಲ ನೆಟ್ಟಗೆ ಹೇಳುವುದು ಒಳ್ಳೆಯದೇ. ಬಂದವರಿಗೂ ತಮ್ಮಂಥವರು ಇಷ್ಟು ಜನ ಇದ್ದಾರೆಂದು ಕಣ್ಣಾರೆ ಕಾಣುತ್ತದೆ. ಆ ಕೋಣೆಯ ಕುರ್ಚಿಗಳನ್ನು ನೋಡಿದರೆ ಕ್ಲಿನಿಕ್ಕಿನ ಯೋಗ್ಯತೆ ಅರ್ಧ ತಿಳಿದುಬಿಡುತ್ತದೆ. ಕೈ ಇಲ್ಲದ ಅಗಲದ ಕುರ್ಚಿ, ನೆಲಕ್ಕೆ ಬೋಲ್ಟು ಹಾಕಿದ ಕಮೋಡು, ಮುನ್ನೂರು ಕಿಲೋ ತಡೆಯುವ ತಕ್ಕಡಿ, ಆ ತಕ್ಕಡಿ ವರಾಂಡದಲ್ಲಿರದೆ ಬಾಗಿಲು ಹಾಕಿದ ಕೋಣೆಯಲ್ಲಿರುವುದು. ಹಳೆಯ ಸಿಟಿ ಸ್ಕ್ಯಾನ್ ಟೇಬಲ್ಲುಗಳಿಗೆ 200 ಕಿಲೋದ ಆಸುಪಾಸಿನ ಮಿತಿ ಇರುತ್ತಿತ್ತು. ಅದಕ್ಕಿಂತ ಭಾರದ ರೋಗಿಗೆ ಆಪರೇಷನ್ ಮಾಡಿ, ನಡುರಾತ್ರಿ ಸ್ಕ್ಯಾನ್ ಬೇಕಾದಾಗ ಟೇಬಲ್ ತಡೆಯುವುದಿಲ್ಲ ಎಂದು ಗೊತ್ತಾಗುವುದಕ್ಕಿಂತ ಕೆಟ್ಟ ಗಳಿಗೆ ಸರ್ಜನ್‌ಗೆ ಇರಲಾರದು. ಬೇಡಿಕೆ ನಿಭಾಯಿಸುವುದೆಂದರೆ ಇವೂ ಸೇರಿದ್ದೇ.

ತಕರಾರಿರುವುದು ಆರು ತಿಂಗಳ ಪಥ್ಯದ ಬಗ್ಗೆ. ಅಮೆರಿಕದ ಹಲವು ವಿಮಾ ಕಂಪನಿಗಳು ಆಪರೇಷನ್ನಿಗೆ ಮಂಜೂರಾತಿ ಕೊಡುವ ಮೊದಲು ಮೂರರಿಂದ ಆರು ತಿಂಗಳು ವೈದ್ಯರ ನಿಗಾದಲ್ಲಿ ಪಥ್ಯ ಮಾಡಿ, ತಿಂಗಳು ತಿಂಗಳು ದಾಖಲೆ ತೋರಿಸಬೇಕೆಂದು ಕಟ್ಟುಪಾಡು ಹಾಕಿದವು. ಒಂದು ತಿಂಗಳು ತಪ್ಪಿದರೆ ಮತ್ತೆ ಮೊದಲಿನಿಂದ. ಪಥ್ಯ ಸೋತದ್ದರಿಂದಲೇ ಆಪರೇಷನ್ನಿಗೆ ಬಂದವರಿಗೆ ಪಥ್ಯವನ್ನೇ ಬಾಗಿಲ ಚೀಟಿ ಮಾಡಿದ ಈ ನಿಯಮದಿಂದ ಫಲಿತಾಂಶ ಸುಧಾರಿಸುತ್ತದೆ ಎನ್ನಲು ಆಧಾರವಿಲ್ಲವೆಂದು ಸರ್ಜನ್‌ಗಳ ಸಂಘ 2011ರಲ್ಲೂ 2016ರಲ್ಲೂ ಹೇಳಿಕೆ ಕೊಟ್ಟಿತು. ನಿಯಮದ ನಿಜವಾದ ಕೆಲಸ ಬೇರೆ. ಅದು ಜನರನ್ನು ಉದುರಿಸುತ್ತದೆ. ಪ್ರತಿ ತಿಂಗಳು ರಜೆ ಹಾಕಲಾಗದವರು, ದೂರದವರು, ಮಕ್ಕಳನ್ನು ಬಿಟ್ಟು ಬರಲಾಗದವರು ಉದುರುತ್ತಾರೆ. ಬರುವ ರೋಗಿಗಳಲ್ಲಿ ಐವರಲ್ಲಿ ನಾಲ್ವರು ಹೆಂಗಸರು ಎಂಬುದನ್ನು ನೆನೆದರೆ ಯಾರು ಉದುರುತ್ತಾರೆ ಎಂದು ಬಿಡಿಸಿ ಹೇಳಬೇಕಿಲ್ಲ. ಹೀಗೆ ಮೊಟಕಾದ ಸಾಲನ್ನು ತೋರಿಸಿ ‘ಬೇಡಿಕೆ ಹತೋಟಿಗೆ ಬಂತು’ ಎನ್ನುವುದು ಲೆಕ್ಕದ ಕಣ್ಕಟ್ಟು.

ವಿಮೆಯ ಜಂಜಾಟವಿಲ್ಲದ ಕಡೆ ಏನಾಯಿತು? ಕೆನಡಾದಲ್ಲಿ ಆಪರೇಷನ್ ಖರ್ಚು ಸರ್ಕಾರದ್ದು, ಆದ್ದರಿಂದ ಸಾಲು ಮುಚ್ಚುಮರೆಯಿಲ್ಲದೆ ಕಾಣುತ್ತದೆ. ಮಾಂಟ್ರಿಯಲ್‌ನ ನಿಕೊಲಸ್ ಕ್ರಿಸ್ಟೂ 2007ರ ಹೊತ್ತಿನ ಚಿತ್ರ ಕೊಟ್ಟಿದ್ದಾರೆ: ಕಾಯುತ್ತಿದ್ದವರು 6,783, ಹಿಂದಿನ ವರ್ಷ ನಡೆದ ಆಪರೇಷನ್ 1,313. ಭಾಗಿಸಿದರೆ ಐದು ವರ್ಷಕ್ಕೂ ಸ್ವಲ್ಪ ಹೆಚ್ಚು. ಸರತಿ ಶಾಸ್ತ್ರ ಓದಿದವರಿಗೆ ಇದು 1961ರಲ್ಲಿ ಜಾನ್ ಲಿಟಲ್ ಸಾಧಿಸಿ ತೋರಿಸಿದ ಸೂತ್ರವೇ. ಸಾಲಿನ ಉದ್ದವನ್ನು ಸಾಗುವ ವೇಗದಿಂದ ಭಾಗಿಸಿದರೆ ಕಾಯುವ ಕಾಲ ಸಿಗುತ್ತದೆ. ಐದು ವರ್ಷ ಕಾಯುವುದೆಂದರೆ ಸುಮ್ಮನೆ ಕೂರುವುದಲ್ಲ. ಸ್ವೀಡನ್ನಿನಲ್ಲಿ 1987ರಿಂದ ನಡೆದ ಎಸ್‌ಒಎಸ್ ಅಧ್ಯಯನ, ಆಪರೇಷನ್ ಆದ 2,010 ಮಂದಿಯನ್ನು ಆಗದ 2,037 ಮಂದಿಯ ಜೊತೆ ಇಟ್ಟು ನೋಡಿ, ಆದವರಲ್ಲಿ ಸಾವು ಕಡಿಮೆ ಎಂದು 2007ರಲ್ಲಿ ವರದಿ ಮಾಡಿತ್ತು. ಅಂದ ಮೇಲೆ ಸಾಲಿನಲ್ಲಿ ನಿಂತಿರುವುದೂ ಒಂದು ಚಿಕಿತ್ಸೆಯೇ, ಕೆಟ್ಟ ಚಿಕಿತ್ಸೆ.

ಒಂಟಾರಿಯೊ ಪ್ರಾಂತ್ಯ ಮೊದಲು ಸುಲಭದ ದಾರಿ ಹಿಡಿಯಿತು: ಸರ್ಕಾರಿ ಖರ್ಚಿನಲ್ಲಿ ರೋಗಿಗಳನ್ನು ಗಡಿ ದಾಟಿಸಿ ಅಮೆರಿಕದ ಆಸ್ಪತ್ರೆಗಳಿಗೆ ಕಳಿಸಿತು. ಆಪರೇಷನ್ ಅಲ್ಲಿ, ವಾಂತಿ ಇಲ್ಲಿ. ತೊಡಕಾದಾಗ ಊರಿನ ಡಾಕ್ಟರಿಗೆ ಒಳಗೆ ಏನನ್ನು ಎಲ್ಲಿಗೆ ಜೋಡಿಸಿದ್ದಾರೆಂಬುದೇ ಗೊತ್ತಿರುತ್ತಿರಲಿಲ್ಲ. 2009ರಿಂದ ಒಂಟಾರಿಯೊ ಬೇರಿಯಾಟ್ರಿಕ್ ನೆಟ್‌ವರ್ಕ್ ಕಟ್ಟಿ, ಇಡೀ ಪ್ರಾಂತ್ಯದ ರೆಫರಲ್‌ಗಳು ಒಂದೇ ಕಡೆ ಬಂದು ಅಲ್ಲಿಂದ ಕೇಂದ್ರಗಳಿಗೆ ಹಂಚಿಕೆಯಾಗುವಂತೆ ಮಾಡಿದರು. ಹತ್ತು ಸರ್ಜನ್‌ಗಳ ಬಳಿ ಹತ್ತು ಪಟ್ಟಿ ಇರುವುದಕ್ಕಿಂತ ಎಲ್ಲರಿಗೂ ಒಂದೇ ಪಟ್ಟಿ ಇದ್ದರೆ ಯಾರೋ ಒಬ್ಬರ ಥಿಯೇಟರ್ ಖಾಲಿ ಬಿದ್ದಿರುವಾಗ ಇನ್ನೊಬ್ಬರ ರೋಗಿ ವರ್ಷಗಟ್ಟಲೆ ಕಾಯುವುದು ತಪ್ಪುತ್ತದೆ. ನನ್ನ ಎಣಿಕೆಯಲ್ಲಿ ಈವರೆಗೆ ಮುಂಬಾಗಿಲಿಗೆ ಮಾಡಿದ ಸುಧಾರಣೆಗಳಲ್ಲಿ ಅತ್ಯಂತ ಹುರುಳಿರುವುದು ಇದೇ. ಆದರೂ ನರ್ಸು, ಡಯಟೀಷಿಯನ್, ಮನಶ್ಶಾಸ್ತ್ರಜ್ಞ, ಆಮೇಲೆ ಸರ್ಜನ್ ಎಂಬ ಮೆಟ್ಟಿಲುಗಳಲ್ಲಿ ರೋಗಿಗಳು ಅಲ್ಲಿಯೂ ಗಣನೀಯ ಸಂಖ್ಯೆಯಲ್ಲಿ ಕಳಚಿಕೊಳ್ಳುತ್ತಾರೆ.

ಕ್ಯಾಲಿಫೋರ್ನಿಯಾದ ಕೈಸರ್ ಪರ್ಮನೆಂಟೆ ಆರೋಗ್ಯ ಸಂಸ್ಥೆಯಲ್ಲಿ 1990ರ ದಶಕದಲ್ಲಿ ಮಾರ್ಕ್ ಮರ್ರೆ ಮತ್ತು ಕ್ಯಾಥರೀನ್ ಟ್ಯಾಂಟೌ ಕಂಡುಕೊಂಡ ವಿಷಯವೊಂದಿದೆ. ಅದು ಸಾಮಾನ್ಯ ವೈದ್ಯರ ಕ್ಲಿನಿಕ್ಕಿಗೆ ಸಂಬಂಧಿಸಿದ್ದು, ಆದರೂ ಇಲ್ಲಿಗೆ ಒಪ್ಪುತ್ತದೆ. ಸಾಲು ಮೂರು ತಿಂಗಳಿನದಾಗಿ ಮೂರು ತಿಂಗಳಲ್ಲೇ ನಿಂತಿದ್ದರೆ, ದಿನಕ್ಕೆ ಬರುವವರು ಮತ್ತು ದಿನಕ್ಕೆ ನೋಡಲಾಗುವವರು ಸರಿಸಮ ಎಂದೇ ಅರ್ಥ. ಬಾಕಿ ಬಿದ್ದಿರುವುದು ಹಳೆಯ ಸಾಲ. ಅದನ್ನು ಒಂದು ಸಲ ಕಷ್ಟಪಟ್ಟು ತೀರಿಸಿದರೆ ಮುಂದೆ ಅದು ತಾನಾಗಿ ಬೆಳೆಯುವುದಿಲ್ಲ. ಆದರೆ ಸಾಲು ತಿಂಗಳು ತಿಂಗಳಿಗೂ ಉದ್ದವಾಗುತ್ತಿದ್ದರೆ ಭಾನುವಾರದ ವಿಶೇಷ ಕ್ಲಿನಿಕ್ಕುಗಳಿಂದ ಏನೂ ಆಗದು. ಈ ವ್ಯತ್ಯಾಸವನ್ನು ಗುರುತಿಸದೆ, ಸಾಲು ಕಂಡೊಡನೆ ಎರಡನೇ ಥಿಯೇಟರ್ ಕಟ್ಟಿಸುವ ಆಡಳಿತಗಾರರು ಎಲ್ಲ ದೇಶಗಳಲ್ಲೂ ಸಿಗುತ್ತಾರೆ.

ಸಾಲಿನಲ್ಲಿ ಯಾರು ಮೊದಲು? ಮೊದಲು ಬಂದವರು ಮೊದಲು ಎಂಬುದು ನ್ಯಾಯದಂತೆ ಕಾಣುತ್ತದೆ. ಹೆಚ್ಚು ಭಾರದವರು ಮೊದಲು ಎಂಬುದೂ ಹಾಗೇ. 2020ರ ಮಾರ್ಚಿನಲ್ಲಿ ಕೊರೊನಾ ಬಂದು ತುರ್ತಲ್ಲದ ಆಪರೇಷನ್‌ಗಳೆಲ್ಲ ನಿಂತುಹೋದಾಗ ಈ ಪ್ರಶ್ನೆ ಪುಸ್ತಕದಿಂದ ಎದ್ದು ಬಂತು. ಲಂಡನ್ನಿನ ಫ್ರಾಂಚೆಸ್ಕೊ ರುಬಿನೊ ಮತ್ತು ಜೊತೆಯವರು ಆ ವರ್ಷ ಲ್ಯಾನ್ಸೆಟ್ ಬಳಗದ ಪತ್ರಿಕೆಯೊಂದರಲ್ಲಿ ಶಿಫಾರಸು ಬರೆದರು: ಬಿಎಂಐ ನೋಡಿ ಸರದಿ ಹಾಕಬೇಡಿ, ಕಾಯಿಲೆ ನೋಡಿ ಹಾಕಿ. ಬಿಎಂಐ 50 ಇದ್ದು ಶುಗರ್, ಬಿಪಿ ಸಹಜವಾಗಿರುವವರಿಗಿಂತ, ಬಿಎಂಐ 36 ಇದ್ದು ಇನ್ಸುಲಿನ್ ಹಾಕಿದರೂ ಶುಗರ್ ಹತೋಟಿಗೆ ಬಾರದೆ ಮೂತ್ರಪಿಂಡ ಸೋಲತೊಡಗಿದವರಿಗೆ ಕಾಯುವಿಕೆ ಹೆಚ್ಚು ದುಬಾರಿ. ಕ್ಯಾನ್ಸರ್ ಪಟ್ಟಿಯಲ್ಲಿ ಇದನ್ನು ಯಾರೂ ಪ್ರಶ್ನಿಸುವುದಿಲ್ಲ. ಬೊಜ್ಜಿನ ಪಟ್ಟಿಯಲ್ಲಿ ಮಾತ್ರ, ‘ಇದು ಬೇಕಾದರೆ ಮಾಡಿಸಿಕೊಳ್ಳುವ ಆಪರೇಷನ್’ ಎಂಬ ಭಾವನೆಯಿಂದ, ತಕ್ಕಡಿಯ ಮುಳ್ಳೇ ತೀರ್ಪುಗಾರನಾಗಿ ಉಳಿದಿದೆ.

ಇಲ್ಲಿಯವರೆಗಿನದೆಲ್ಲ ಮುಂಬಾಗಿಲ ಕಥೆ. ಹಿಂಬಾಗಿಲಿಗೆ ಬರೋಣ. ಮದುವೆ ಛತ್ರದಲ್ಲಿ ಎಷ್ಟೇ ಜನ ಬಂದರೂ ಅಡುಗೆಯವರು ಎದೆಗುಂದುವುದಿಲ್ಲ, ಯಾಕೆಂದರೆ ಮೊದಲ ಪಂಕ್ತಿ ಎದ್ದು ಕೈ ತೊಳೆದರೆ ಎರಡನೆಯದಕ್ಕೆ ಎಲೆ ಹಾಕಬಹುದು. ಬೇರಿಯಾಟ್ರಿಕ್ ಕ್ಲಿನಿಕ್ಕಿನಲ್ಲಿ ಕೂತ ಪಂಕ್ತಿ ಏಳುವುದಿಲ್ಲ. ಪಿತ್ತಕೋಶ ತೆಗೆಸಿಕೊಂಡವರು ಹೊಲಿಗೆ ಬಿಚ್ಚಿಸಿಕೊಂಡು ಹೋದರೆ ಮುಗಿಯಿತು. ಬೈಪಾಸ್ ಆದವರು ಜೀವಮಾನವಿಡೀ ವರ್ಷಕ್ಕೊಮ್ಮೆಯಾದರೂ ಬರಬೇಕು, ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ ವಿಟಮಿನ್ ನೋಡಿಸಬೇಕು.

ಲೆಕ್ಕ ಹಾಕಿ ನೋಡಿ. ಒಬ್ಬ ಸರ್ಜನ್ ವಾರಕ್ಕೆ ಆರು ಆಪರೇಷನ್‌ನಂತೆ ವರ್ಷದಲ್ಲಿ 48 ವಾರ ಕೆಲಸ ಮಾಡಿದರೆ 288 ಆಪರೇಷನ್. ಮೊದಲ ವರ್ಷ ಒಬ್ಬರಿಗೆ ಐದು ಭೇಟಿ ಎಂದಿಟ್ಟುಕೊಳ್ಳಿ: ಎರಡು ವಾರಕ್ಕೆ, ಆರು ವಾರಕ್ಕೆ, ಮೂರು, ಆರು, ಹನ್ನೆರಡು ತಿಂಗಳಿಗೆ. ಆ ಲೆಕ್ಕದಲ್ಲಿ ವರ್ಷಕ್ಕೆ 1,440 ಭೇಟಿ, ವಾರಕ್ಕೆ 30. ಒಬ್ಬ ಸರ್ಜನ್, ಒಬ್ಬ ನರ್ಸು ಸುಧಾರಿಸಬಹುದು. ಹತ್ತನೆಯ ವರ್ಷಕ್ಕೆ ಬನ್ನಿ. ಹೊಸಬರ 1,440 ಹಾಗೇ ಇದೆ. ಹಿಂದಿನ ಒಂಬತ್ತು ವರ್ಷದ 2,592 ಮಂದಿ ವರ್ಷಕ್ಕೊಮ್ಮೆ ಬಂದರೂ ಒಟ್ಟು 4,032. ವಾರಕ್ಕೆ 84. ಆಪರೇಷನ್‌ಗಳ ಸಂಖ್ಯೆ ಒಂದೂ ಹೆಚ್ಚಿಲ್ಲ, ಹೊಸ ಫೋನುಗಳೂ ಹೆಚ್ಚಿಲ್ಲ, ಆದರೂ ಕ್ಲಿನಿಕ್ಕಿನ ಕೆಲಸ ಮೂರು ಪಟ್ಟಿನ ಹತ್ತಿರ ಬಂದಿದೆ. ಇದರಲ್ಲಿ ಹೊಸ ರೋಗಿಗಳ ತಪಾಸಣೆ, ವಿಮೆಯ ಕಾಗದಪತ್ರ ಸೇರಿಲ್ಲ.

ಇಷ್ಟಾದರೂ ಕ್ಲಿನಿಕ್ಕುಗಳು ಕುಸಿದು ಬೀಳುವುದಿಲ್ಲವಲ್ಲ, ಹೇಗೆ? ಉತ್ತರ ಫ್ರಾನ್ಸಿನಿಂದ ಬಂದಿದೆ. 2009ರಲ್ಲಿ ಆಪರೇಷನ್ ಆದ 16,620 ಮಂದಿಯನ್ನು ರಾಷ್ಟ್ರೀಯ ವಿಮೆಯ ದಾಖಲೆಗಳಲ್ಲಿ ಐದು ವರ್ಷ ಹಿಂಬಾಲಿಸಿ ಜೆರೆಮಿ ತೆರೊ ಮತ್ತು ಸಂಗಡಿಗರು 2017ರಲ್ಲಿ ಬರೆದರು. ಮೊದಲ ವರ್ಷ ಸರ್ಜನ್ನರನ್ನು ಒಮ್ಮೆಯಾದರೂ ಕಂಡವರು ಶೇ 87.1, ಐದನೆಯ ವರ್ಷ ಶೇ 29.6. ಪೌಷ್ಟಿಕತಜ್ಞರು ಅಥವಾ ಎಂಡೊಕ್ರೈನಾಲಜಿಸ್ಟರನ್ನು ಕಂಡವರು ಶೇ 22.8ರಿಂದ 12.4ಕ್ಕೆ ಇಳಿದಿದ್ದರು. ಖರ್ಚನ್ನು ಬಹುಪಾಲು ರಾಷ್ಟ್ರೀಯ ವಿಮೆಯೇ ಹೊರುವ ದೇಶದಲ್ಲಿ ಇದು ಸ್ಥಿತಿ. ಬಾರದವರ ಕೃಪೆಯಿಂದ ಕ್ಲಿನಿಕ್ಕು ನಡೆಯುತ್ತಿದೆ. ಎಲ್ಲರೂ ಹೇಳಿದ ಮಾತು ಕೇಳಿ ಬಂದುಬಿಟ್ಟರೆ ಕೂರಲು ಕುರ್ಚಿ ಇರುವುದಿಲ್ಲ.

ಬಾರದವರು ಬಾರದಿರಲು ಕಾರಣಗಳಿವೆ. ಕೆಲವರಿಗೆ ಎಲ್ಲ ಚೆನ್ನಾಗಿದೆ, ಯಾಕೆ ಬರಬೇಕು. ಕೆಲವರಿಗೆ ತೂಕ ಮರಳಿದೆ, ಯಾವ ಮುಖ ಇಟ್ಟುಕೊಂಡು ಬರುವುದು. ಎರಡನೆಯವರಿಗೇ ಕ್ಲಿನಿಕ್ಕಿನ ಅಗತ್ಯ ಹೆಚ್ಚು, ಅವರೇ ಹೆಚ್ಚು ದೂರ ಉಳಿಯುವವರು.

ಈ ಹಿಂಬಾಗಿಲಲ್ಲಿ ಅತಿ ಮುಖ್ಯವಾದ ಮನುಷ್ಯ ಸರ್ಜನ್ ಅಲ್ಲ, ಫೋನು ಎತ್ತುವವರು. ಒಂದು ಕರೆಯನ್ನು ಹತ್ತಿರದಿಂದ ನೋಡೋಣ. ಆಪರೇಷನ್ ಆಗಿ ಆರು ವಾರ. ‘ಮೇಡಂ, ಹತ್ತು ದಿನದಿಂದ ಏನು ತಿಂದರೂ ವಾಂತಿ, ನೀರೂ ನಿಲ್ಲುತ್ತಿಲ್ಲ’ ಎಂದು ರೋಗಿ ಹೇಳುತ್ತಾರೆ. ಹೊಸ ರೋಗಿಗಳ ಕರೆಗಳಲ್ಲಿ ಮುಳುಗಿಹೋದ ರಿಸೆಪ್ಷನಿಸ್ಟ್, ‘ಮುಂದಿನ ಬುಧವಾರ ಮೂರು ಗಂಟೆಗೆ ಬನ್ನಿ’ ಎನ್ನಬಹುದು. ತರಬೇತಿ ಇರುವ ನರ್ಸ್ ಎತ್ತಿದರೆ ಇನ್ನೂ ಮೂರು ಪ್ರಶ್ನೆ ಕೇಳುತ್ತಾರೆ: ಕಣ್ಣಿಗೆ ಎರಡೆರಡು ಕಾಣುತ್ತಿದೆಯೇ, ನಡೆಯುವಾಗ ತೂರಾಡುತ್ತೀರಾ, ಮನೆಯವರು ನಿಮ್ಮ ಮಾತಿನಲ್ಲಿ ಗೊಂದಲ ಕಾಣುತ್ತಿದೆ ಎನ್ನುತ್ತಿದ್ದಾರೆಯೇ. ಥಯಾಮಿನ್, ಅಂದರೆ ಬಿ1, ದೇಹದಲ್ಲಿ ದಾಸ್ತಾನು ಇರುವುದು ಎರಡು ಮೂರು ವಾರಕ್ಕಷ್ಟೇ. ಅದು ಬರಿದಾದರೆ ವರ್ನಿಕೆ ಎಂಬ ಮಿದುಳಿನ ಕಾಯಿಲೆ ಬರುತ್ತದೆ; ತಡವಾದರೆ ನೆನಪಿನ ಶಕ್ತಿ ಮರಳುವುದಿಲ್ಲ. ಇಂಥವರು ಹತ್ತಿರದ ನರ್ಸಿಂಗ್ ಹೋಮಿಗೆ ಹೋದರೆ ‘ನಿತ್ರಾಣ’ ಎಂದು ಗ್ಲೂಕೋಸ್ ಡ್ರಿಪ್ ಹಾಕುವುದು ವಾಡಿಕೆ. ಥಯಾಮಿನ್ ಕೊಡದೆ ಗ್ಲೂಕೋಸ್ ಹಾಕಿದರೆ ಇರುವ ಚೂರೂ ಖರ್ಚಾಗಿ ಸ್ಥಿತಿ ಬಿಗಡಾಯಿಸಬಹುದು.

ಹಾಗೆಯೇ ಮೊದಲ ವಾರದ ಕರೆ. ‘ಎದೆ ಢವಢವ ಅನ್ನುತ್ತಿದೆ, ಜ್ವರ ಇಲ್ಲ’ ಎಂಬ ಮಾತು ಕೇಳಿದೊಡನೆ ನಾಡಿ ಎಣಿಸಲು ಹೇಳಬೇಕು. ನಿಮಿಷಕ್ಕೆ 120 ದಾಟಿ ನಿಂತಿದ್ದರೆ ಹೊಲಿಗೆ ಸೋರುತ್ತಿರಬಹುದು ಎಂಬುದು ಈ ಕಸುಬಿನವರೆಲ್ಲರೂ ಕಲಿತ ಪಾಠ. ವರ್ಷಗಳ ನಂತರದ ಕರೆ ಇನ್ನೂ ಮೋಸದ್ದು: ಬೈಪಾಸ್ ಆಗಿ ಮೂರು ವರ್ಷದ ಮೇಲೆ ಬಿಟ್ಟು ಬಿಟ್ಟು ಬರುವ ಹೊಟ್ಟೆನೋವು. ತೂಕ ಇಳಿದಂತೆ ಕರುಳಿನ ನಡುವೆ ಜಾಗ ತೆರೆದುಕೊಂಡು ಒಂದು ಸುರುಳಿ ಅದರೊಳಗೆ ಸಿಕ್ಕಿಕೊಂಡಿರಬಹುದು. ಊರಿನ ತುರ್ತು ವಿಭಾಗದವರು ಅಸಿಡಿಟಿ ಎಂದು ಕಳಿಸಿಬಿಡುತ್ತಾರೆ. ನೋವಿನ ಮಾತ್ರೆ ಬರೆದುಕೊಟ್ಟರೆ ಅದೂ ಅಪಾಯ. ಬೈಪಾಸ್ ಆದವರಿಗೆ ಬ್ರುಫೆನ್ ಜಾತಿಯ ಮಾತ್ರೆಗಳಿಂದ ಜೋಡಣೆಯ ಜಾಗದಲ್ಲಿ ಹುಣ್ಣಾಗುತ್ತದೆ. ಹೊಸ ರೋಗಿ ಸೇರಿಸಿಕೊಳ್ಳುವ ಫೋನಿಗೂ ಹಳೆಯ ರೋಗಿಯ ಫೋನಿಗೂ ಒಂದೇ ನಂಬರ್, ಒಬ್ಬರೇ ಉತ್ತರಿಸುವವರು ಎಂಬ ಏರ್ಪಾಡು ಇರುವ ಕ್ಲಿನಿಕ್ಕು ಬೇಡಿಕೆ ಹೆಚ್ಚಿದಂತೆಲ್ಲ ಅಪಾಯಕಾರಿಯಾಗುತ್ತದೆ, ಅಲ್ಲಿನ ಸರ್ಜನ್ ಎಷ್ಟೇ ಪಳಗಿದವರಾಗಿದ್ದರೂ.

ಇದಕ್ಕೆ ಮದ್ದು ಹುಡುಕಿದವರಿಲ್ಲವೆಂದಲ್ಲ. ಕೈಸರ್‌ನ ಮನಶ್ಶಾಸ್ತ್ರಜ್ಞ ಎಡ್ವರ್ಡ್ ನಾಫ್‌ಸಿಂಗರ್ 1996ರಲ್ಲಿ ಶುರುಮಾಡಿದ ಗುಂಪು ಭೇಟಿಯ ಪದ್ಧತಿಯನ್ನು ಹಲವು ಬೇರಿಯಾಟ್ರಿಕ್ ಕೇಂದ್ರಗಳು ಎತ್ತಿಕೊಂಡವು. ಒಂದೇ ಹಂತದ ಹತ್ತು ಹನ್ನೆರಡು ಮಂದಿ ಒಟ್ಟಿಗೆ ಕೂರುತ್ತಾರೆ, ಒಂದೂವರೆ ಗಂಟೆಯಲ್ಲಿ ವೈದ್ಯರು ಒಬ್ಬೊಬ್ಬರ ರಿಪೋರ್ಟ್ ನೋಡುತ್ತಾರೆ, ಉಳಿದವರು ಕೇಳಿಸಿಕೊಳ್ಳುತ್ತಾರೆ. ‘ಕೂದಲು ಉದುರುತ್ತಿದೆ’ ಎಂದು ಒಬ್ಬರು ಹೇಳಿದರೆ ‘ನನಗೂ ಉದುರಿತ್ತು, ಎಂಟನೇ ತಿಂಗಳಿಗೆ ನಿಂತಿತು’ ಎನ್ನುವವರು ಪಕ್ಕದಲ್ಲೇ ಇರುತ್ತಾರೆ. ಡಾಕ್ಟರ್ ಹೇಳುವುದಕ್ಕಿಂತ ಅದು ಚೆನ್ನಾಗಿ ನಾಟುತ್ತದೆ. ಬ್ರಿಟನ್ನಿನಲ್ಲಿ ಎರಡು ವರ್ಷ ಆಪರೇಷನ್ ಮಾಡಿದ ಕೇಂದ್ರದ ಜವಾಬ್ದಾರಿ, ಆಮೇಲೆ ಕುಟುಂಬ ವೈದ್ಯರ ಜೊತೆ ಹಂಚಿಕೊಂಡ ಆರೈಕೆ ಎಂಬ ನಿಯಮವಿದೆ. ಕಾಗದದ ಮೇಲೆ ಸೊಗಸಾಗಿದೆ. ಆದರೆ ಅಲ್ಲಿ ಆಪರೇಷನ್ನಿಗೆ ಮುಂಚಿನ ಸಾಲಿಗೆ ಬೇಸತ್ತು ಟರ್ಕಿಗೆ ಹೋಗಿ ಸ್ಲೀವ್ ಮಾಡಿಸಿಕೊಂಡು ವಾರದೊಳಗೆ ವಿಮಾನ ಹತ್ತಿ ವಾಪಸು ಬಂದವರು ಆ ಕಾಗದದ ಯಾವ ಕಾಲಂಗೂ ಸೇರುವುದಿಲ್ಲ. ಒಂಟಾರಿಯೊ ಒಂದು ಕಾಲದಲ್ಲಿ ಸರ್ಕಾರದ ಖರ್ಚಿನಲ್ಲಿ ಮಾಡಿದ್ದನ್ನು ಅವರು ಸ್ವಂತ ಖರ್ಚಿನಲ್ಲಿ ಮಾಡುತ್ತಿದ್ದಾರೆ.

ಬ್ಯಾಂಡಿನ ಕಥೆಯೂ ಇಲ್ಲೇ ಹೇಳಬೇಕಾದದ್ದು. ಜಠರದ ಮೇಲ್ಭಾಗಕ್ಕೆ ಸಿಲಿಕೋನ್ ಪಟ್ಟಿ ಕಟ್ಟುವ ಲ್ಯಾಪ್ ಬ್ಯಾಂಡಿಗೆ ಅಮೆರಿಕದಲ್ಲಿ 2001ರ ಜೂನ್‌ನಲ್ಲಿ ಅನುಮತಿ ಸಿಕ್ಕಿತು. ಚಿಕ್ಕ ಆಪರೇಷನ್, ಬೇಗ ಮನೆಗೆ. ಕೈಮೀರಿದ ಬೇಡಿಕೆಗೆ ಹೇಳಿ ಮಾಡಿಸಿದಂತಿತ್ತು. ಆದರೆ ಆ ಪಟ್ಟಿಗೆ ಚರ್ಮದಡಿಯ ಪೋರ್ಟಿನಿಂದ ಸೂಜಿಯಲ್ಲಿ ಸಲೈನ್ ತುಂಬಿ ಬಿಗಿ ಮಾಡುತ್ತ, ಸಡಿಲ ಮಾಡುತ್ತ ಮತ್ತೆ ಮತ್ತೆ ಕರೆಯಬೇಕು. ಥಿಯೇಟರಿನಲ್ಲಿ ಉಳಿಸಿದ ಸಮಯವನ್ನು ಕ್ಲಿನಿಕ್ಕು ಬಡ್ಡಿ ಸಮೇತ ತೆತ್ತಿತು. ಪಟ್ಟಿ ಜಾರಿ, ಕೊರೆದು, ಕೊನೆಗೆ ತೆಗೆಸಿಕೊಳ್ಳಲು ಬಂದವರದೇ ಇನ್ನೊಂದು ಸಾಲಾಯಿತು. ಈಗ ಬ್ಯಾಂಡ್ ಹಾಕುವವರು ಅಪರೂಪ, ಸ್ಲೀವಿನದೇ ದರ್ಬಾರು.

ತೂಕ ಇಳಿಸುವ ಚುಚ್ಚುಮದ್ದುಗಳು ಬಂದ ಮೇಲೆ ಮುಂಬಾಗಿಲ ಚಿತ್ರ ಬದಲಾಗಿದೆ. ತೂಕ ಇಳಿಸಲು ಸೆಮಾಗ್ಲುಟೈಡ್‌ಗೆ ಅಮೆರಿಕದಲ್ಲಿ 2021ರಲ್ಲಿ, ಟಿರ್ಜೆಪಟೈಡ್‌ಗೆ 2023ರಲ್ಲಿ ಒಪ್ಪಿಗೆ ಸಿಕ್ಕಿತು. ಖಾಸಗಿ ವಿಮೆ ಇರುವವರ ದಾಖಲೆಗಳನ್ನು ನೋಡಿದ 2024ರ ಅಧ್ಯಯನವೊಂದರ ಪ್ರಕಾರ, 2022ರ ಕೊನೆಯ ಆರು ತಿಂಗಳಿಗೆ ಹೋಲಿಸಿದರೆ 2023ರ ಕೊನೆಯ ಆರು ತಿಂಗಳಲ್ಲಿ ಆಪರೇಷನ್‌ಗಳು ಶೇ 25.6 ಕಡಿಮೆ. ಇಪ್ಪತ್ತು ವರ್ಷ ಸಾಲಿನ ಚಿಂತೆಯಲ್ಲಿದ್ದವರಿಗೆ ಈಗ ಖಾಲಿ ಥಿಯೇಟರಿನ ಚಿಂತೆ. ಚುಚ್ಚುಮದ್ದು ನಿಲ್ಲಿಸಿದರೆ ಒಂದು ವರ್ಷದಲ್ಲಿ ಇಳಿದ ತೂಕದ ಮೂರರಲ್ಲಿ ಎರಡು ಪಾಲು ಮರಳುತ್ತದೆ ಎಂದು ಸೆಮಾಗ್ಲುಟೈಡ್ ಪ್ರಯೋಗದಲ್ಲೇ ಕಂಡಿದೆ, ಆದ್ದರಿಂದ ಸಾಲು ಮತ್ತೆ ಕಟ್ಟಲೂಬಹುದು. ಆದರೆ ನಾನು ಹೇಳಹೊರಟಿದ್ದು ಬೇರೆ. ಮುಂಬಾಗಿಲು ಬಿಕೋ ಎಂದರೂ 2003ರಲ್ಲಿ ಬೈಪಾಸ್ ಆದವರ ಮೂಳೆ, ರಕ್ತ ನೋಡುವ ಕೆಲಸ ಒಂದು ಗುಲಗಂಜಿಯಷ್ಟೂ ತಗ್ಗಿಲ್ಲ. ಆಪರೇಷನ್‌ನಿಂದ ಬರುವ ಹಣದಲ್ಲಿ ಹಳಬರ ಆರೈಕೆ ನಡೆಸುತ್ತಿದ್ದ ಕ್ಲಿನಿಕ್ಕು ಆಪರೇಷನ್ ನಿಂತರೆ ಆ ನರ್ಸಿನ ಸಂಬಳ ಎಲ್ಲಿಂದ ಕೊಡುತ್ತದೆ?

ನಮ್ಮಲ್ಲಿ 2011ರಲ್ಲಿ ನಿತಿನ್ ಗಡ್ಕರಿ, 2014ರಲ್ಲಿ ಅರುಣ್ ಜೇಟ್ಲಿ ಮಾಡಿಸಿಕೊಂಡಾಗ ಈ ಆಪರೇಷನ್ನಿನ ಹೆಸರು ಮನೆಮಾತಾಯಿತು. 2017ರಲ್ಲಿ ಈಜಿಪ್ಟಿನ ಅತಿಭಾರದ ಮಹಿಳೆ ಎಮಾನ್ ಅಹ್ಮದ್ ಅವರನ್ನು ಈ ಆಪರೇಷನ್ನಿಗಾಗಿ ಸರಕು ವಿಮಾನದಲ್ಲಿ ಮುಂಬೈಗೆ ಕರೆತಂದಾಗ ಟಿವಿ ನೋಡದವರಿಲ್ಲ. ಕರ್ನಾಟಕದಲ್ಲಿ ಹೆಂಗಸರಲ್ಲೂ ಗಂಡಸರಲ್ಲೂ ನೂರಕ್ಕೆ ಮೂವತ್ತರಷ್ಟು ಮಂದಿ ಅತಿತೂಕ ಅಥವಾ ಬೊಜ್ಜಿನವರು ಎಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಆದರೂ ಬೆಂಗಳೂರಿನ ಕಾರ್ಪೊರೇಟ್ ಆಸ್ಪತ್ರೆಗಳಲ್ಲಿ ಕೆನಡಾದಂತೆ ಐದು ವರ್ಷದ ಸಾಲಿಲ್ಲ. ಲಕ್ಷಗಳ ಬಿಲ್ಲೇ ಸಾಲನ್ನು ಸೋಸಿಬಿಡುತ್ತದೆ. 2020ರ ಅಕ್ಟೋಬರ್‌ನಿಂದ ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮದಂತೆ ಬಿಎಂಐ 40 ಮುಟ್ಟಿದವರಿಗೆ, ಅಥವಾ 35 ಮುಟ್ಟಿ ಹೃದ್ರೋಗ, ಹತೋಟಿ ಮೀರಿದ ಶುಗರ್, ನಿದ್ದೆಯಲ್ಲಿ ಉಸಿರುಗಟ್ಟುವ ತೀವ್ರ ತೊಂದರೆಯಂಥವು ಇರುವವರಿಗೆ ವಿಮೆ ಈ ಖರ್ಚನ್ನು ಕೊಡಬೇಕು. ಅಂತಾರಾಷ್ಟ್ರೀಯ ಸಂಘಗಳು 2022ರಲ್ಲಿ ಗೆರೆಯನ್ನು ಕೆಳಗಿಳಿಸಿ, ಏಷ್ಯಾದವರಿಗೆ ಬಿಎಂಐ 27.5ರಿಂದಲೇ ಆಪರೇಷನ್ ಪರಿಗಣಿಸಬಹುದು ಎಂದಿವೆ. ಆ ಎರಡು ಗೆರೆಗಳ ನಡುವೆ ನಿಂತವರಿಗೆ ಡಾಕ್ಟರ್ ‘ಆಗಬಹುದು’ ಎನ್ನುತ್ತಾರೆ, ವಿಮೆಯವರು ‘ಆಗದು’ ಎನ್ನುತ್ತಾರೆ.

ಹಿಂಬಾಗಿಲ ಸ್ಥಿತಿ ನಮ್ಮಲ್ಲಿ ಇನ್ನೂ ನಾಜೂಕು. ಹಲವು ವಿಮೆಗಳು ಆಸ್ಪತ್ರೆಯಿಂದ ಬಿಟ್ಟ ಮೇಲೆ 60 ಅಥವಾ 90 ದಿನದ ಖರ್ಚು ಕೊಟ್ಟು ಕೈತೊಳೆದುಕೊಳ್ಳುತ್ತವೆ. ಆಮೇಲಿನ ಬಿ12 ಇಂಜೆಕ್ಷನ್, ರಕ್ತಪರೀಕ್ಷೆ, ಡಯಟೀಷಿಯನ್ ಫೀಜು ಸ್ವಂತ ಜೇಬಿನಿಂದ. ಸಸ್ಯಾಹಾರಿಗಳಲ್ಲಿ ಆಪರೇಷನ್ನಿಗೆ ಮೊದಲೇ ಬಿ12 ಕಡಿಮೆ ಇರುವುದು ಇಲ್ಲಿ ಮಾಮೂಲು. ರಾಯಚೂರಿನಿಂದಲೋ ಕಾರವಾರದಿಂದಲೋ ಬೆಂಗಳೂರಿಗೆ ಬಂದು ಮಾಡಿಸಿಕೊಂಡವರು ವರ್ಷ ವರ್ಷವೂ ಒಂದು ರಕ್ತಪರೀಕ್ಷೆಗಾಗಿ ರಾತ್ರಿ ಬಸ್ಸು ಹತ್ತುತ್ತಾರೆಂದು ಎಣಿಸುವುದು ಕಷ್ಟ. ಆಪರೇಷನ್ನಿಗೆ ಮನಸ್ಸು ಮಾಡಿದವರು ಆಸ್ಪತ್ರೆಗೆ ಹೋದಾಗ ಪ್ಯಾಕೇಜ್ ಎಷ್ಟು, ಎಷ್ಟು ಕಿಲೋ ಇಳಿಯುತ್ತದೆ, ಎಷ್ಟು ದಿನ ರಜೆ ಬೇಕು ಎಂದೆಲ್ಲ ಕೇಳುತ್ತಾರೆ. ಅದರ ಜೊತೆಗೆ ಇನ್ನೆರಡನ್ನು ಕೇಳಬೇಕು: ಐದು ವರ್ಷದ ಹಿಂದೆ ನಿಮ್ಮಲ್ಲಿ ಆಪರೇಷನ್ ಆದವರಲ್ಲಿ ಕಳೆದ ವರ್ಷ ಎಷ್ಟು ಮಂದಿ ರಕ್ತಪರೀಕ್ಷೆಗೆ ಬಂದಿದ್ದರು, ಮತ್ತು ರಾತ್ರಿ ಹನ್ನೊಂದಕ್ಕೆ ವಾಂತಿ ಶುರುವಾದರೆ ಫೋನು ಯಾರು ಎತ್ತುತ್ತಾರೆ.